ರಾಯಪ್ಪನ ಗಡ್ಡದೊಳಗಿನ ಗಡಿಯಾರ

"ಡೈ ಹಚ್ಚೀರೇನ್ರಿ ಮಾಸ್ತರ?" ಎಂದು ಸೋನಲ ಕೇಳಿದಾಗ ನಾನು ಮೀಸೆ ತಿರುವುತ್ತ, "ಛೇ, ಇದು ನಮ್ಮ ಮನೆತನದ ಕಪ್ಪು ನೋಡವ್ವಾ" ಎಂದೆ. ಮಗ್ಗಗಳ ಸಪ್ಪಳದಲ್ಲಿ ಬೇರೆ ಯಾರಿಗೂ ಕೇಳಲಿಕ್ಕಿಲ್ಲ ಎಂಬ ಧೈರ್ಯ. ಆಕೆ ಚಿಮಟಿಯಿಂದ ಒಂದು ಕೂದಲು ಕಿತ್ತು ಕಿಡಕಿಯ ಬೆಳಕಿಗೆ ಹಿಡಿದಳು. ಅದೇ ಗಳಿಗೆಗೆ ಕರೆಂಟು ಹೋಗಬೇಕೆ! ಮಗ್ಗಗಳೆಲ್ಲ ಗಪ್ ಆದವು. "ಬೇರು ಬೆಳ್ಳಗೈತ್ರಿ ಮಾಸ್ತರ. ಬಣ್ಣ ಹಚ್ಚಿದ್ದು ನಡೆಯಂಗಿಲ್ಲ" ಎಂದ ಆಕೆಯ ಮಾತು ಇಡೀ ಕಾರಖಾನೆಗೆ ಸ್ವಚ್ಛವಾಗಿ ಕೇಳಿಸಿತು.

ಎಲ್ಲರೂ ನಕ್ಕರು. ನಗದೇ ಇದ್ದವನು ರಾಯಪ್ಪ ಒಬ್ಬನೇ. ಅವನು ಮುಂದೆ ಬಂದು, "ತುದಿ ಸುಳ್ಳ ಹೇಳಿದ್ರೂ ಬೇರು ಖರೇ ಹೇಳತೈತಿ ಅಂದಂಗಾತು. ಹಂಗಾರ ನಂದೂ ಕೀಳ್ರಿ ಅಕ್ಕಾರ" ಎಂದು ಗಡ್ಡ ಮುಂದೆ ಚಾಚಿದ.

ರಾಯಪ್ಪ ಹುಕ್ಕೇರಿ ಕಡೆಯವನು. ಹೆಂಡತಿ ಶಿವವ್ವ ಗಡಹಿಂಗ್ಲಜ ತಾಲೂಕಿನ ನೂಲ ಎಂಬ ಊರಿನವಳು. ಮದುವೆಯಾದ ಹೊಸತರಲ್ಲಿ ಇಚಲಕರಂಜಿಗೆ ಬಂದವರು ಇಲ್ಲೇ ಉಳಿದರು. ಅವನಿಗೆ ಒಂದು ವಾರ ಹಗಲ ಪಾಳಿ, ಒಂದು ವಾರ ರಾತ್ರಿ ಪಾಳಿ. ಆಕೆ ಅದೇ ಕಾರಖಾನೆಯಲ್ಲಿ ಹಗಲು ಕಾಂಡಿಗೆ ನೂಲು ಸುತ್ತುತ್ತಾಳೆ. ರಾತ್ರಿ ಪಾಳಿಯ ವಾರ ಗಂಡ ಹೆಂಡತಿ ಭೇಟಿಯಾಗುವುದು ಕಾರಖಾನೆಯ ಬಾಗಿಲಲ್ಲಿ. ಅವನು ಒಳಗೆ, ಆಕೆ ಹೊರಗೆ. "ಪಲ್ಯಾ ಮುಚ್ಚಿಟ್ಟೇನಿ" ಎಂಬುದೇ ಅವರ ಸಂಸಾರದ ಸಂಭಾಷಣೆ.

ಹಗಲ ಪಾಳಿಯ ವಾರದಲ್ಲಾದರೂ ಸುಖವುಂಟೇ? ರಾತ್ರಿ ಅವನಿಗೆ ನಿದ್ದೆ ಬಾರದು. ಏಳುತ್ತಾನೆ, ನೀರು ಕುಡಿಯುತ್ತಾನೆ, ಬಾಗಿಲ ಕೀಲಿಗೆ ಎಣ್ಣೆ ಬಿಡುತ್ತಾನೆ, ಡಬ್ಬಿಗಳ ಜಾಗ ಬದಲಿಸುತ್ತಾನೆ. ಮುಂಜಾನೆ ಶಿವವ್ವ ಚಹಾಕ್ಕೆ ಸಕ್ಕರೆ ಎಂದು ಉಪ್ಪು ಹಾಕಿದ್ದುಂಟು. ಗಲ್ಲಿಯಲ್ಲಿ ಶತಪಥ ಹಾಕುತ್ತ ನನ್ನ ಮನೆಯ ಮುಂದೆ ಎಷ್ಟು ಸಲ ಕೆಮ್ಮುತ್ತಾನೆಂದರೆ, ನನ್ನ ಹೆಂಡತಿ ಕನಸಿನಲ್ಲೇ "ಯಾರ್ರೀ?" ಎನ್ನುವುದನ್ನು ರೂಢಿ ಮಾಡಿಕೊಂಡಿದ್ದಾಳೆ.

ಈಗ ಮಾಲಕ ಧರಣೇಂದ್ರ ಅಣ್ಣಾ ಹೊಸ ಪದ್ಧತಿ ತಂದಿದ್ದರು. ಪಾಳಿ ಬದಲಿಸುವುದು ಬಂದ್. ಯಾರಿಗೆ ಹಗಲು ಬೇಕು, ಯಾರಿಗೆ ರಾತ್ರಿ ಬೇಕು, ಸೋಮವಾರ ಹೇಳಬೇಕು, ಆಮೇಲೆ ಕಾಯಂ. ರಾಯಪ್ಪನ ಚಡಪಡಿಕೆ ದುಪ್ಪಟ್ಟಾಯಿತು. ರಾತ್ರಿ ಎಂದರೆ ಶಿವವ್ವನ ಭೇಟಿ ಕಾಯಂ ಬಾಗಿಲಲ್ಲೇ. ಹಗಲು ಎಂದರೆ ಕಾಯಂ ಜಾಗರಣೆ.

"ನೀ ರಾತ್ರಿ ಪಾಳಿ ಅಂದ್ರ ನಾ ನೂಲಕ್ಕ ಹೋಗಿ ಅಣ್ಣನ ಮನ್ಯಾಗ ಇರತೇನಿ. ಅಲ್ಲಿ ಮಾತಾಡಾಕ ಎಮ್ಮಿಯಾದ್ರೂ ಅದಾವು" ಎಂದಳು ಶಿವವ್ವ. ಆಕೆ ಅಂದಂತೆ ಮಾಡುವವಳೇ.

ಇಂಥದರಲ್ಲಿ ಬಂದವಳು ಸೋನಲ, ಧರಣೇಂದ್ರ ಅಣ್ಣಾರ ಮಗಳು. ಕೊಲ್ಹಾಪುರದಲ್ಲಿ ಜೀನುಗಳ ಮೇಲೆ ಪಿಎಚ್‌ಡಿ ಮಾಡುತ್ತಾಳೆ. ಪಾಳಿ ಕೆಲಸದವರ ಗಡ್ಡದ ಕೂದಲು ಬುಡಸಹಿತ ಕಿತ್ತು, ಸಣ್ಣ ನಳಿಕೆಯಲ್ಲಿ ಹಾಕಿ, ಬರ್ಫಿನ ಥರ್ಮಾಕೋಲ್ ಡಬ್ಬಿಯಲ್ಲಿಡುವುದು ಆಕೆಯ ಸಂಶೋಧನೆ. ಹೋಲಿಕೆಗೆ ಪಾಳಿ ಇಲ್ಲದವರದೂ ಬೇಕೆಂದು ಶಾಲೆ ಮಾಸ್ತರನಾದ ನನ್ನನ್ನೂ ಕರೆದಿದ್ದಳು. ಕುಲ್ಫಿ ಎಂದು ತಿಳಿದು ಮುಚ್ಚಳ ತೆರೆದವರೂ ಇದ್ದರು.

"ಕೂದಲ ಬುಡದ ಜೀವಕೋಶದಾಗ ಗಡಿಯಾರ ಇರತೈತ್ರಿ ಕಾಕಾ" ಎಂದು ಆಕೆ ರಾಯಪ್ಪನಿಗೆ ತಿಳಿಸಿದಳು. "ಒಂದು ಜೀನು ಹುಕುಂ ಕೊಡತೈತಿ, ಪ್ರೋಟೀನ್ ತಯಾರ ಆಗತೈತಿ. ಭಾಳ ಆದ ಮ್ಯಾಲ ಅದೇ ಪ್ರೋಟೀನ್ ವಾಪಸ್ ಬಂದು ಆ ಜೀನಿನ ಬಾಯಿ ಮುಚ್ಚಸತೈತಿ. ಪ್ರೋಟೀನ್ ಕರಗಿತು, ಜೀನು ಮತ್ತ ಬಾಯಿ ತೆಗೀತು. ಈ ಸುತ್ತು ಮುಗ್ಯಾಕ ಸುಮಾರ ಒಂದು ದಿನ ಹಿಡೀತೈತಿ. ಯಾವ ಜೀನು ಎಷ್ಟು ಮಾತಾಡಾಕತ್ತೈತಿ ನೋಡಿದ್ರ, ನಿಮ್ಮ ಮೈಯಾಗ ಈಗ ಹಗಲೋ ರಾತ್ರಿಯೋ ಗೊತ್ತಾಗತೈತಿ."

ತಾನೇ ಹುಟ್ಟಿಸಿದ್ದು ತನ್ನ ಬಾಯಿಯನ್ನೇ ಮುಚ್ಚಿಸುವುದು ನನಗೆ ಹೊಸದಲ್ಲ. ನನಗೂ ಇಬ್ಬರು ಮಕ್ಕಳು.

ಧರಣೇಂದ್ರ ಅಣ್ಣಾ ತಮ್ಮ ಕೂದಲನ್ನೂ ಕೊಟ್ಟಿದ್ದರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ. "ನನ್ನ ಗಡಿಯಾರ ಒಂದು ಮಿನಿಟ್ ತಪ್ಪಂಗಿಲ್ಲ. ಉಣ್ಣೂ ಹೊತ್ತಿಗೂ ಗಡಿಯಾರಕ್ಕೂ ಸಂಬಂಧ ಐತಂತ. ನಮ್ಮ ಹಿರೇರು ಸುಮ್ನ ಹೇಳಿಲ್ಲ ಮಾಸ್ತರ" ಎಂದು ನನ್ನ ಹೊಟ್ಟೆಯನ್ನೇ ನೋಡುತ್ತ ಹೇಳಿದರು.

ರಾಯಪ್ಪನ ಕೂದಲು ರಾತ್ರಿ ಪಾಳಿಯ ವಾರದಲ್ಲಿ ಹೋಯಿತು, ರಾತ್ರಿ ಒಂದು ಸಲ, ಮಧ್ಯಾಹ್ನ ಒಂದು ಸಲ. ರಾತ್ರಿಯದನ್ನು ಸೋನಲ ತಾನೇ ಕಿತ್ತಳು. ಮಧ್ಯಾಹ್ನದ್ದಕ್ಕೆ ಜೊತೆಯ ವಿದ್ಯಾರ್ಥಿ ಸೌರಭ ಕೊಲ್ಹಾಪುರದಿಂದ ಕಾರಖಾನೆಗೆ ಬಂದಿದ್ದ. ತನ್ನ ಮೈಗೆ ಯಾವ ಪಾಳಿ ಒಗ್ಗುತ್ತದೆಂದು ರಿಪೋರ್ಟೇ ಹೇಳಲಿ ಎಂಬುದು ರಾಯಪ್ಪನ ಲೆಕ್ಕ. ಆಮೇಲೆ ಕಾಯುವ ಕೆಲಸ. ರಾಯಪ್ಪನಿಗೆ ಬಾರದ ಕೆಲಸ ಅದೊಂದೇ. ದಿನಾ ನನ್ನ ಕಟ್ಟೆಗೆ ಬರುವ, ಕೂಡ್ರುವ, ಏಳುವ. "ರಿಪೋರ್ಟ್ ಬಂತೇನ್ರಿ?" ನಾನು ಶಾಲೆಯ ಮಾಸ್ತರ, ಪೋಸ್ಟ್‌ಮನ್ ಅಲ್ಲ ಎಂದರೂ ಬಿಡ.

ಸೋಮವಾರದ ಹಿಂದಿನ ಸಂಜೆ ಸೋನಲ ಓಡುತ್ತಲೇ ಬಂದಳು. ನನ್ನ ಕಟ್ಟೆಯ ಮೇಲೆ ರಾಯಪ್ಪ, ಶಿವವ್ವ, ನಾನು.

"ಕಾಕಾ, ಇಂಥಾದ್ದು ನಾ ಎಲ್ಲೂ ನೋಡಿಲ್ಲ! ನಿಮ್ಮ ರಾತ್ರಿ ಕೂದಲಿನ ಗಡಿಯಾರ ಒಂದು ಹೇಳತೈತಿ, ನಡುವಿನ ತಾಸು ಲೆಕ್ಕ ಹಿಡಿದ್ರೂ ಮಧ್ಯಾಹ್ನದ ಕೂದಲು ಪೂರಾ ಉಲ್ಟಾ ಹೇಳತೈತಿ. ಒಂದೇ ಗಡ್ಡದಾಗ ಎರಡು ಗಡಿಯಾರ! ಇನ್ನೂ ಗೈಡ್‌ಗೆ ಹೇಳಿಲ್ಲ. ಮೊದಲ ನಿಮ್ಮನ್ನ ಒಂದ್ಸಲ ಕೇಳೂಣು ಅಂತ ಬಂದೆ."

ಶಿವವ್ವ ಸೆರಗು ಬಾಯಿಗಿಟ್ಟುಕೊಂಡಳು. "ಅಯ್ಯ, ಅದಕ್ಕs ಇವಗ ನಿದ್ದಿ ಇಲ್ಲ! ಔಷಧಾ ಐತೇನವ್ವಾ?"

ರಾಯಪ್ಪ ಮಾತ್ರ ಗಡ್ಡ ಕೆರೆದುಕೊಳ್ಳುತ್ತ ನೆಲ ನೋಡುತ್ತಿದ್ದ. ಅಷ್ಟು ಹೊತ್ತು ಅವನು ಒಂದೇ ಕಡೆ ಕೂತದ್ದನ್ನು ನಾನು ಕಂಡಿರಲಿಲ್ಲ. ಸಂಶಯ ಬಂತು.

"ರಾಯಪ್ಪಾ, ಮಧ್ಯಾಹ್ನ ಸೌರಭ ಬಂದಾಗ ಕೂದಲ ಕೊಟ್ಟಾಂವ ನೀನs ಹೌದಲ್ಲೋ?"

"ಹೆಸರು ನಂದs ರೀ. ಹಣಮಪ್ಪನ್ನ ಬದಲಿ ಕಳಿಸಿದ್ದೆ."

ನಮ್ಮ ಊರಿನ ಮಗ್ಗದ ಕಾಯಿದೆಯೇ ಅದು. ಒಬ್ಬನಿಗೆ ಆಗದಿದ್ದರೆ ಇನ್ನೊಬ್ಬ ಬದಲಿ ನಿಲ್ಲುತ್ತಾನೆ, ಹಾಜರಿ ಮೊದಲಿನವನ ಹೆಸರಿಗೆ. ಮುಖ ಪರಿಚಯವಿಲ್ಲದ ಸೌರಭ "ರಾಯಪ್ಪ" ಎಂದು ಕೂಗಿದ್ದ, ಹಗಲ ಪಾಳಿಯ ಹಣಮಪ್ಪ "ಹಾಜರ್" ಎಂದು ಗಡ್ಡ ಕೊಟ್ಟಿದ್ದ. ಸೋನಲಳ ಎರಡು ಗಡಿಯಾರಗಳು ಎರಡು ಗಡ್ಡಗಳಾದವು. ಪಾಪ, ಹುಡುಗಿ ಕಟ್ಟೆಯ ಮೇಲೆ ಕುಸಿದು ಕೂತಳು.

"ನೀವು ಎಲ್ಲಿ ಹೋಗಿದ್ರಿ ಕಾಕಾ?"

"ಎಲ್ಲೂ ಇಲ್ರಿ. ಮನ್ಯಾಗ ನಿದ್ದಿ ಹತ್ತಲಿಲ್ಲ. ನಿಮ್ಮ ಹುಡುಗ ಬರೂತನಕಾ ಅಂತ ಮಗ್ಗದ ಬಾಜೂಕ ಅರಬಿ ಸುತ್ತಿಟ್ಟ ತಾಗಾದ ಮ್ಯಾಲ ಒರಗಿದ್ದೆ. ಸಪ್ಪಳಕ್ಕ ಜೊಂಪು ಹತ್ತಿತ್ತು. ಹಣಮಪ್ಪ ಎಬ್ಬಿಸಾಕ ಬಂದಾ, ನೀನs ಹೋಗು ಅಂದೆ."

"ಅಂದ್ರ ನಿನಗ ನಿದ್ದಿ ಬರತೈತಿ!" ಎಂದಳು ಶಿವವ್ವ. ದನಿಯಲ್ಲಿ ಸಿಟ್ಟೋ ಸಂತೋಷವೋ ತಿಳಿಯಲಿಲ್ಲ. ಆಮೇಲೆ ಅವನ ಮುಖವನ್ನೇ ನೋಡುತ್ತ, ಮೆಲ್ಲಗೆ ಕೇಳಿದಳು: "ಮತ್ತ ನಾಳೆ ಮಾಲಕರಿಗೆ ಯಾವ ಪಾಳಿ ಅಂತ ಹೇಳತೀ?"

ಮಾಲಕರ ಮಗಳು ಎದುರಿಗೇ ಕೂತಿದ್ದಾಳೆ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ರಾಯಪ್ಪ ಹೇಳಿದ:

"ಹಗಲ ಪಾಳಿ. ನಿದ್ದಿ ಅಲ್ಲೇ ಚಲೋ ಆಗತೈತಿ."