ಒಂದು ತಿಂಗಳು ಕಡಿಮೆ

ಕಳೆದ ಸೋಮವಾರ ಆಂಡರ್ಸನ್‌ಪೇಟೆಯ ಅಂಗಡಿಯೊಂದರಲ್ಲಿ ಕೆಂಪು ರಟ್ಟಿನ ಉದ್ದ ಪುಸ್ತಕವೊಂದನ್ನು ತೆರೆದು ಮೂಗಿನ ಹತ್ತಿರ ಹಿಡಿದೆ. ಹೊಸ ಕಾಗದ, ಗೋಂದು... ಅಂಗಡಿಯವನು ಎಷ್ಟು ಹಾಳೆಯದು ಬೇಕೆಂದು ಎರಡು ಸಲ ಕೇಳಿದನಂತೆ. ನನಗೆ ಕೇಳಿಸಲಿಲ್ಲ. ಆ ವಾಸನೆಗೆ ಮೆಂಬರಮ್ಮ ನೆನಪಾಗಿದ್ದರು.

ಬಂಗಾರಪೇಟೆಯ ಆಚೆಗಿನ ನಮ್ಮೂರಲ್ಲಿ ಅವರದು ನಮ್ಮ ಪಕ್ಕದ ಮನೆ. ಎರಡು ಸೀಮೆ ಹಸು, ತುಂಡು ರಾಗಿ ಹೊಲ, ಉರಿಗಾಂಗೆ ಮದುವೆ ಮಾಡಿಕೊಟ್ಟ ಒಬ್ಬಳೇ ಮಗಳು. ಮಂಡಲ ಪಂಚಾಯತಿಯಲ್ಲಿ ಹೆಂಗಸರಿಗೂ ಸೀಟು ಇರಬೇಕೆಂಬ ಕಾನೂನು ಬಂದಾಗ, ಬೇರೆ ಯಾರೂ ಒಪ್ಪದೆ ಇವರನ್ನು ನಿಲ್ಲಿಸಿ ಗೆಲ್ಲಿಸಿದರು; ಹಾಗೆ ಮೆಂಬರಮ್ಮ ಆದರು. ರುಜು ಹಾಕುವಷ್ಟು ಮಾತ್ರ ಅಕ್ಷರ ಬರುತ್ತಿತ್ತು. ನಾನಾಗ ಪಿಯುಸಿ, ದಿನವೂ ಡೈರಿ ಬರೆಯುವ, ಎಲ್ಲದಕ್ಕೂ ಗೆರೆ ಎಳೆದು ಎಣಿಸುವ ಹುಡುಗಿ. ಹಾಗಾಗಿ ಅವರ ಕಾಗದಪತ್ರ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಮಂಡಲದ ಅಷ್ಟೂ ಊರುಗಳಿಗೆ ಒಬ್ಬರೇ ನರ್ಸಮ್ಮ. ಅವರು ಯಾವತ್ತು ಎಲ್ಲಿರುತ್ತಾರೋ ಯಾರಿಗೂ ತಿಳಿಯುತ್ತಿರಲಿಲ್ಲ. ಬಸುರಿಯರ ಪಟ್ಟಿ ಮಾಡಬೇಕು, ಯಾರ ದಿನ ಹತ್ತಿರವೋ ಆ ಊರಲ್ಲಿ ನರ್ಸಮ್ಮ ಬಂದು ಉಳಿಯಬೇಕು, ಇದನ್ನು ನಿರ್ಣಯವಾಗಿ ಬರೆದುಕೊಳ್ಳಿ ಎಂದು ಮೆಂಬರಮ್ಮ ಸಭೆಯಲ್ಲಿ ಎದ್ದು ನಿಂತರು. ಮಂಡಲದ ಪ್ರಧಾನರು ನಕ್ಕರು.

"ಎಲ್ರೂ ಬೋರ್‌ವೆಲ್ ಕೇಳ್ತಾರೆ. ನೀನೇನಮ್ಮಾ ಎರಿಗೆ ಇಡ್ಕೊಂಡಿದ್ದೀಯ?"

"ಯಾಕೆ ಸ್ವಾಮಿ, ನೀವೇನು ಬೋರ್‌ವೆಲ್ಲಿಂದ ಎದ್ದು ಬಂದ್ರಾ?"

ಹಿಂದಿನ ಬೆಂಚಿನಲ್ಲಿದ್ದ ಜವಾನನೂ ನಕ್ಕುಬಿಟ್ಟ. ನಿರ್ಣಯ ಆಯಿತು.

ಪಟ್ಟಿ ಬರೆಯಲು ಕೊಂಡದ್ದು ಇಂಥದೇ ಕೆಂಪು ಪುಸ್ತಕ. ಹೆಸರು, ಊರು, ಎಷ್ಟು ತಿಂಗಳು ಎಂದು ಕಾಲಂ ಹಾಕಿಕೊಂಡು ಮನೆಮನೆಗೆ ಹೋದೆವು. ಮೊದಲ ದಿನವೇ ತೊಡಕಾಯಿತು. ನಮ್ಮ ಕಡೆ ಬಸುರಿಯ ತಿಂಗಳನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ದೃಷ್ಟಿಯಾಗುತ್ತದೆಂದು ಒಂದು ತಿಂಗಳು ಕಡಿಮೆ ಹೇಳುತ್ತಾರೆ. ಹೊಟ್ಟೆ ಬಾಗಿಲಿಗೆ ತಾಗುವಂತಿದ್ದವಳೂ "ಆರು" ಎನ್ನುತ್ತಿದ್ದಳು. ಮೆಂಬರಮ್ಮ ಬಿಡುತ್ತಿರಲಿಲ್ಲ.

"ದಿಷ್ಟಿ ಬಂದ್ರೆ ನನಗೆ ಬರ್ಲಿ ಕಣಮ್ಮಾ. ನರ್ಸಮ್ಮ ನಿನ್ ಬಾಯಿ ನಂಬ್ಕೊಂಡು ಬರ್ತಾಳೆ, ಸರಿಯಾಗಿ ಯೋಳು."

ಹನ್ನೊಂದು ಹೆಸರು ಸಿಕ್ಕವು. ಹನ್ನೆರಡನೆಯದು ಅವರ ಮಗಳದು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದು ಒಂದು ವಾರವಾಗಿತ್ತು. ಆವತ್ತು ಮಹಾನವಮಿ. ಅವಳು ಜಗುಲಿಯ ಮೇಲೆ ಕಾಲು ಚಾಚಿ ಕಡಲೆಕಾಯಿ ಸುಲಿಯುತ್ತಿದ್ದಳು. ನನ್ನ ಕಡೆಗೊಂದು ಕಾಯಿ ಎಸೆದು ನಕ್ಕಳು.

"ಏಳು ಅಂತ ಬರ್ಕೋ" ಎಂದರು ಮೆಂಬರಮ್ಮ, ಗೋಡೆ ನೋಡುತ್ತಾ.

ಯುಗಾದಿಯ ದಿನ ಅವರು ಹಿತ್ತಲಲ್ಲಿ ನಮ್ಮಮ್ಮನ ಕಿವಿಯಲ್ಲಿ "ಮಗಳಿಗೆ ಎರಡು ತಿಂಗಳು" ಎಂದದ್ದನ್ನು ನಾನು ಡೈರಿಯಲ್ಲಿ ಬರೆದುಕೊಂಡಿದ್ದೆ. ಯುಗಾದಿಯಿಂದ ಮಹಾನವಮಿಗೆ ಆರು. ಬೆರಳು ಮಡಿಸಿ ನೋಡಿದೆ.

"ಎಂಟಲ್ವಾ ದೊಡ್ಡಮ್ಮಾ?"

"ಲೇ ಉಡ್ಗಿ, ಬಾಯಿ ಮುಚ್ಕೊಂಡು ಬರಿ."

ಬರೆದೆ. ಇನ್ನೊಂದು ಸಲ ಕೇಳಲಿಲ್ಲ.

ದೀಪಾವಳಿಗೆ ನಾಲ್ಕು ದಿನವಿದ್ದಾಗ, ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ನೋವು ಶುರುವಾಯಿತು. ಪಟ್ಟಿಯ ಪ್ರಕಾರ ನರ್ಸಮ್ಮ ಮೂರು ಊರು ಆಚೆ, ಬೇರೊಬ್ಬಳಿಗಾಗಿ ಉಳಿದಿದ್ದರು. ಸೈಕಲ್ ಮೇಲೆ ಆಳು ಓಡಿದ. ಚೊಚ್ಚಲಾದರೂ, ಅವರು ಬರುವಷ್ಟರಲ್ಲಿ ಹೆಣ್ಣು ಮಗು ಹುಟ್ಟಿತ್ತು, ರಕ್ತ ನಿಂತಿರಲಿಲ್ಲ. ಹಾಲಿನ ವ್ಯಾನು ಬೆಳಗಿನ ಸುತ್ತು ಮುಗಿಸಿ ಹೋಗಿತ್ತು. ಎತ್ತಿನ ಗಾಡಿ ಕಟ್ಟಿದರು. ಬಂಗಾರಪೇಟೆಯ ಮನೆಗಳು ಕಾಣುವಷ್ಟು ದೂರ ಹೋಗಿ ಗಾಡಿ ವಾಪಸು ತಿರುಗಿತು... ಆ ದಿನದ ಹಾಳೆಯಲ್ಲಿ ನಾನು ಹೊತ್ತನ್ನು ಮಾತ್ರ ಬರೆದಿದ್ದೇನೆ. ಮಧ್ಯಾಹ್ನ ಒಂದೂ ಮುಕ್ಕಾಲು.

ತಿಥಿ ಕಳೆದ ಮೇಲೆ, ಹದಿನಾಲ್ಕನೆಯ ದಿನ, ಮೆಂಬರಮ್ಮ ನಮ್ಮ ಮನೆಗೆ ಬಂದರು. ಕೆಂಪು ಪುಸ್ತಕ ತೆಗೆಸಿದರು. ಮಗಳ ಹೆಸರು ಎಲ್ಲಿದೆ ಎಂದು ಕೇಳಿ, ಅಲ್ಲಿ ಬೆರಳಿಟ್ಟುಕೊಂಡು ಕೂತರು.

"ಎಂಟು ಎಂಗೆ ಬರೀತಾರೆ?"

ಅಂಗೈಯಲ್ಲಿ ಬರೆದು ತೋರಿಸಿದೆ. ನನ್ನ ಪೆನ್ನು ತೆಗೆದುಕೊಂಡು ಏಳನ್ನು ಹೊಡೆದುಹಾಕಿ, ಪಕ್ಕದಲ್ಲಿ ದೊಡ್ಡದಾಗಿ, ಸೊಟ್ಟಗೆ ಎಂಟು ಬರೆದರು. ಮುಂದಿನ ಸಭೆಗೆ ಆ ಪುಸ್ತಕ ಒಯ್ದು, ಆ ಸಾಲನ್ನು ಎಲ್ಲರ ಮುಂದೆ ತೆರೆದಿಟ್ಟರು. "ಊರೋರಿಗೆಲ್ಲ ಬುದ್ಧಿ ಯೋಳಿ, ನನ್ ಮಗಳಿಗೆ ನಾನೇ ಸುಳ್ಳು ಬರೆಸ್ದೆ."

ಆಮೇಲೂ ಅವರು ಮನೆಮನೆಗೆ ಬಂದರು, ಮೊಮ್ಮಗಳನ್ನು ಸೊಂಟದಲ್ಲಿ ಇಟ್ಟುಕೊಂಡು. ಯಾರನ್ನೂ ಗದರಿಸುತ್ತಿರಲಿಲ್ಲ. ಬಸುರಿ ತಿಂಗಳು ಹೇಳಿದ ಮೇಲೆ ನನ್ನ ಕಡೆ ತಿರುಗಿ, "ನಿನ್ ಲೆಕ್ಕ ಎಷ್ಟಮ್ಮಾ?" ಎಂದು ಕೇಳುತ್ತಿದ್ದರು. ನಾನು ಹೇಳುವವರೆಗೂ ಕಾಯುತ್ತಿದ್ದರು. ಅವರ ಕಾಲದಲ್ಲಿ ನಾವು ಎಪ್ಪತ್ತಮೂರು ಹೆಸರು ಬರೆದೆವು. ನನ್ನನ್ನು ಅವರು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ...

ಮಂಡಲ ಪಂಚಾಯತಿ ಹೋಗಿ ಈಗ ಬೇರೆ ಕಾನೂನು, ಬೇರೆ ಪಂಚಾಯತಿ. ಹೋದ ವರ್ಷ ಮೆಂಬರಮ್ಮನೂ ಹೋದರು. ಮೊಮ್ಮಗಳು ಉರಿಗಾಂನಲ್ಲಿ ಅಪ್ಪನ ಹತ್ತಿರ ಇದ್ದಾಳೆ. ಪಟ್ಟಿ ಬರೆಯುವ ಕೆಲಸ ಮಾತ್ರ ನನ್ನ ಹತ್ತಿರವೇ ಉಳಿದಿದೆ.

ಹೊಸ ಪುಸ್ತಕ ತಂದು ಕಾಲಂ ಹಾಕಿದ್ದೇನೆ. ನಿನ್ನೆ ಮೊದಲ ಮನೆಗೆ ಹೋಗಿದ್ದೆ. ಆ ಹುಡುಗಿ "ಆರು" ಎಂದಳು. ಪೆನ್ನು ಇಳಿಸಿ ಬೆರಳು ಮಡಿಸತೊಡಗಿದೆ. ಪಕ್ಕದಿಂದ ಯಾರೂ "ನಿನ್ ಲೆಕ್ಕ ಎಷ್ಟಮ್ಮಾ?" ಎಂದು ಕೇಳಲಿಲ್ಲ.