ಮಲಗಿದವರ ಎಣಿಕೆ

ಸೂಜಿಯಕ್ಕನಿಗೆ ಆ ಹೆಸರು ಬಂದದ್ದು ಕಸುಬಿನಿಂದಲೋ ನಾಲಿಗೆಯಿಂದಲೋ ಎಂಬ ಬಗ್ಗೆ ಬಸ್ ನಿಲ್ದಾಣದಲ್ಲಿ ಎರಡು ಪಕ್ಷಗಳಿದ್ದವು. ಟಿಕೆಟ್ ಕೌಂಟರಿನ ಪಕ್ಕದ ಮೆಟ್ಟಿಲ ಕೆಳಗೆ ಕೂತು ಅವಳು ಕಿತ್ತುಹೋದ ಜಿಪ್ಪು, ಹರಿದ ಬ್ಯಾಗಿನ ಪಟ್ಟಿ, ಉದುರಿದ ಗುಂಡಿ ಎಲ್ಲವನ್ನೂ ಹೊಲಿದು ಕೊಡುತ್ತಿದ್ದಳು. ಬಸ್ಸು ಹೊರಡಲು ಐದು ನಿಮಿಷವಿದೆ ಎಂದರೆ ನಾಲ್ಕರಲ್ಲಿ ಮುಗಿಸುವಳು. ಉಳಿದ ಒಂದು ನಿಮಿಷದಲ್ಲಿ, ಬಡಪಾಯಿ ಚೀಲಕ್ಕೆ ಅಷ್ಟೊಂದು ತುರುಕಿದ್ದಕ್ಕೆ ಅದರ ಒಡೆಯನಿಗೆ ಬುದ್ಧಿ ಹೇಳುವಳು.

ಹದಿನೆಂಟು ವರ್ಷ ಅವಳು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರ್ ಹೊಲಿದವಳು. ಕಾರ್ಖಾನೆ ಮುಚ್ಚಿತು, ಅದೇ ವರ್ಷ ಗಂಡ ತೀರಿಕೊಂಡ, ಬಾಡಿಗೆ ಕೋಣೆಯೂ ಕೈಬಿಟ್ಟಿತು. ಅಣ್ಣನ ಮನೆ ಸೇರಿದಳು. ಅತ್ತಿಗೆ ಹೋಗೆಂದು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ, ಆ ಪುಣ್ಯಾತ್ಗಿತ್ತಿಗೆ ಅಷ್ಟು ಧೈರ್ಯವೂ ಇರಲಿಲ್ಲ. ಮನೆ ಗುಡಿಸುವಾಗಲೆಲ್ಲ ಸೂಜಿಯಕ್ಕನ ಪೆಟ್ಟಿಗೆಯನ್ನು ಒಂದು ಗೇಣು ಬಾಗಿಲ ಕಡೆ ಸರಿಸುತ್ತಿದ್ದಳು, ಅಷ್ಟೆ. ಪೆಟ್ಟಿಗೆ ಹೊಸ್ತಿಲಿಗೆ ತಗಲಿದ ದಿನ ಸೂಜಿಯಕ್ಕ ಅದನ್ನು ಎತ್ತಿಕೊಂಡು ಹೊರಟಳು. ಅಣ್ಣ ಪೇಪರ್ ಓದುತ್ತಿದ್ದ. ತಲೆ ಎತ್ತದೆ ಹಾಳೆ ತಿರುವಿದ.

ಆಮೇಲಿನ ನಾಲ್ಕು ವರ್ಷ ಅವಳು ಮಲಗಿದ್ದು ನಿಲ್ದಾಣದ ಹಿಂದೆ, ಪಾರ್ಸೆಲ್ ಗೋದಾಮಿನ ಮಾಡಿನ ಕೆಳಗೆ. ಒಬ್ಬಳೇ ಅಲ್ಲ. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಅಜ್ಜಿ, ಆಸ್ಪತ್ರೆಯ ನೆಲ ಒರೆಸುವ ತಾಯಿ ಮಗಳು, ಹೀಗೆ ಒಟ್ಟು ಹದಿನಾಲ್ಕು ಹೆಂಗಸರು. ನಡುವೆ ಹರೆಯದವರು, ಎರಡೂ ಅಂಚಿಗೆ ವಯಸ್ಸಾದವರು. ಅಂಚಿನವರಿಗೆ ಗಟ್ಟಿ ನಿದ್ದೆ ಎಂಬುದೇ ಇರಲಿಲ್ಲ, ಅವರದು ಕಾವಲು. ಸೂಜಿಯಕ್ಕನದೂ ಅಂಚಿನ ಜಾಗ, ತಲೆಯಡಿಯಲ್ಲಿ ದೊಡ್ಡ ಕತ್ತರಿ. ಅವರೆಲ್ಲರಿಗೂ ಬೇಕಾಗಿದ್ದದ್ದು ಒಂದೇ: ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ.

ಅಂಥ ಕೋಣೆ ಇತ್ತು. ನಿಲ್ದಾಣದ ಎದುರಿನ ಹಳೆ ಶಾಲೆ ನಗರಸಭೆಯ ಸುಪರ್ದಿಗೆ ಬಂದು ಖಾಲಿ ಬಿದ್ದಿತ್ತು. ಮನೆಯಿಲ್ಲದವರ ಎಣಿಕೆಯಲ್ಲಿ ಹನ್ನೆರಡು ಹೆಂಗಸರು ಸಿಕ್ಕರೆ ಅದನ್ನು ಅವರಿಗೆ ತೆರೆದುಕೊಡುವುದೆಂದು ಗೇಟಿಗೆ ನೋಟೀಸು ಅಂಟಿಸಿದ್ದರು. ಎಣಿಕೆ ಮೂರು ವರ್ಷಕ್ಕೊಮ್ಮೆ, ಒಂದೇ ದಿನ, ಬೆಳಗಿನ ಐದು ಗಂಟೆಗೆ. ಹನ್ನೆರಡು ಕೇಳಿದರೆ ಹದಿನಾಲ್ಕು ಜನ ಇದ್ದೇವೆ, ಇನ್ನೇನು ಬೇಕು ಎಂದು ಅಜ್ಜಿ ಹಿಗ್ಗಿಹೋದಳು.

ಎಡವಟ್ಟು ಮಾಡಿದ್ದು ಸೂಜಿಯಕ್ಕನೇ. "ಸರ್ಕಾರದೋರು ನಮ್ಮನ್ನ ನೋಡೋಕೆ ಬರ್ತಿದಾರೆ ಕಣ್ರೇ," ಎಂದಳು. "ಕೆದರಿದ ತಲೆ, ಹರಡಿದ ಚಾಪೆ ನೋಡಿದ್ರೆ ಏನಂದ್ಕೋತಾರೆ? ಇವರಿಗೆ ಕೋಣೆ ಕೊಟ್ರೆ ಕೊಚ್ಚೆ ಮಾಡಿ ಇಡ್ತಾರೆ ಅಂತಾರೆ." ಎಣಿಕೆಯ ದಿನ ನಾಲ್ಕಕ್ಕೇ ಎಲ್ಲರನ್ನೂ ಎಬ್ಬಿಸಿದಳು. ನಲ್ಲಿಯಲ್ಲಿ ಮುಖ ತೊಳೆಸಿ, ತಲೆ ಬಾಚಿಸಿ, ಚಾಪೆ ಸುತ್ತಿಸಿ ಹಗ್ಗ ಕಟ್ಟಿಸಿದಳು. ಅಜ್ಜಿಯ ರವಿಕೆಗೆ ನಿಂತಲ್ಲೇ ಎರಡು ಹುಕ್ಕು ಹೊಲಿದಳು. ರಟ್ಟಿನ ಚೂರಿನಿಂದ ನೆಲ ಗುಡಿಸಿದಳು. ಐದಕ್ಕೆ ಹದಿನಾಲ್ಕು ಜನವೂ ಗಂಟು ಮೂಟೆ ಪಕ್ಕದಲ್ಲಿಟ್ಟುಕೊಂಡು ಒಪ್ಪ ಓರಣವಾಗಿ ಸಾಲಾಗಿ ಕೂತಿದ್ದರು.

ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಮೇಷ್ಟ್ರೊಬ್ಬರು ಟಾರ್ಚು ಹಿಡಿದು ಬಂದರು. ಎಣಿಕೆ ಅಂಥವರ ತಲೆಗೆ ಕಟ್ಟಿದ ಹೆಚ್ಚಿನ ಕೆಲಸ.

"ಯಾವ ಬಸ್ಸಿಗೆ ಕಾಯ್ತಿದೀರಮ್ಮ?" ಎಂದರು.

"ಬಸ್ಸಿಗಲ್ಲ ಮೇಷ್ಟ್ರೇ, ನಿಮಗೇ," ಎಂದಳು ಸೂಜಿಯಕ್ಕ.

ಮೇಷ್ಟ್ರು ತಮಾಷೆ ಎಂದುಕೊಂಡು ನಕ್ಕರು, ಏನೋ ಬರೆದುಕೊಂಡರು, ಮುಂದೆ ಹೋದರು. ಮುಂದೆ, ಕುಡಿದು ಬಸ್ಸು ತಪ್ಪಿಸಿಕೊಂಡ ಕಂಟ್ರಾಕ್ಟರನೊಬ್ಬ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದ. ಎರಡು ಅಂತಸ್ತಿನ ಮನೆಯಿದ್ದ ಆಸಾಮಿ. ಅವನನ್ನು ಶ್ರದ್ಧೆಯಿಂದ ಎಣಿಸಿದರು.

ತಿಂಗಳಾದ ಮೇಲೆ ಎದುರಿನ ಶಾಲೆಗೆ ಬಣ್ಣ ಬಳಿಯತೊಡಗಿದರು. ಹೆಂಗಸರು ಬಾಯಿ ಸಿಹಿ ಮಾಡಿಕೊಂಡರು. ಆಮೇಲೆ ಲಾರಿ ಬಂದು ಕಡತಗಳ ಕಟ್ಟು ಇಳಿಸಿತು. ಶಾಲೆಯನ್ನು ಹಳೆಯ ಎಣಿಕೆಯ ಕಾಗದ ಇಡಲು ಕೊಟ್ಟಿದ್ದರು. ಕಾಗದ ನೆನೆಯಬಾರದಲ್ಲ. ಸೂಜಿಯಕ್ಕ ಕೆಲಸ ಬಿಟ್ಟು, ಚಾಪೆಯ ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡು ನಗರಸಭೆಗೆ ನಡೆದಳು. ಅಲ್ಲಿನ ಹಲಗೆಯ ಮೇಲೆ ಪಟ್ಟಿ ಇತ್ತು: ಬಸ್ ನಿಲ್ದಾಣ, ಗಂಡಸರು ಒಬ್ಬ, ಹೆಂಗಸರು ಇಲ್ಲ.

ಎಣಿಕೆ ವಿಭಾಗದ ಮೇಲ್ವಿಚಾರಕ ಕೆಟ್ಟವನೇನಲ್ಲ. ಅವನು ಕೂಗಾಡಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವನು ಮೆತ್ತಗೆ ಪುಸ್ತಕ ತೆಗೆದು ಓದಿದ.

"'ಎಣಿಕೆಯ ಹೊತ್ತಿಗೆ ಬಯಲಿನಲ್ಲಿ ಮಲಗಿರುವ ಅಥವಾ ಹಾಸಿಗೆ ಹಾಸಿರುವ ವ್ಯಕ್ತಿ.' ನೀವು ಕೂತಿದ್ರಿ ಅಮ್ಮ. ಚಾಪೆ ಕಟ್ಟಿಟ್ಟಿದ್ರಿ. ಮೇಷ್ಟ್ರು ಪ್ರಯಾಣಿಕರು ಅಂತ ಬರೆದಿದಾರೆ, ಅವರದೇನೂ ತಪ್ಪಿಲ್ಲ."

"ನಾಲ್ಕರವರೆಗೂ ಮಲಗೇ ಇದ್ವಿ ಸಾರ್."

"ಎಣಿಕೆ ಐದಕ್ಕೆ."

"ಹಾಗಾದ್ರೆ ಮುಖ ತೊಳ್ಕೊಂಡಿದ್ದು ತಪ್ಪಾಯ್ತಾ?"

ಅವನು ಅವಳ ಗುರುತಿನ ಕಾರ್ಡು ಇಸಿದುಕೊಂಡು ನೋಡಿದ. "ಇಲ್ಲಿ ನಿಮ್ಮ ಅಣ್ಣನ ಮನೆ ವಿಳಾಸ ಇದೆಯಲ್ಲ. ಕಾಗದದ ಪ್ರಕಾರ ನಿಮಗೆ ಮನೆ ಇದೆ. ಮುಂದಿನ ಎಣಿಕೇಲಿ ನೋಡೋಣ ಬಿಡಿ. ಮೂರು ವರ್ಷ ಅಂದ್ರೆ ಕಣ್ಮುಚ್ಚಿ ಬಿಡೋದ್ರಲ್ಲಿ ಬರುತ್ತೆ."

ಕಣ್ಣು ಮುಚ್ಚುವ ಮಾತನ್ನು ಅವನು ನಾಲ್ಕು ವರ್ಷ ಕಣ್ಣು ಮುಚ್ಚದವಳಿಗೆ ಹೇಳಿದ್ದ. ಸೂಜಿಯಕ್ಕನ ಮೈಯೆಲ್ಲ ಉರಿದುಹೋಯಿತು. ಮೇಷ್ಟ್ರ ಮೇಲೆ ಸಿಟ್ಟು, ಇವನ ಮೇಲೆ ಸಿಟ್ಟು, ಪೇಪರ್ ಓದುತ್ತಿದ್ದ ಅಣ್ಣನ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಿಗೆ ತನ್ನ ಮೇಲೆ. ಹದಿನಾಲ್ಕು ಜನರ ಚಿಲಕವನ್ನು ತಾನೇ ಕೈಯಾರೆ ಕಿತ್ತು ಬಿಸಾಕಿದ್ದಳು, ಬಾಚಣಿಗೆ ಹಿಡಿದು.

ಕಂಕುಳಲ್ಲಿದ್ದ ಸುರುಳಿಯ ಹಗ್ಗ ಬಿಚ್ಚಿದಳು. ಸಾಲು ನಿಂತಿದ್ದ ಜನರ ನಡುವೆ, ಮಟಮಟ ಮಧ್ಯಾಹ್ನ, ಚಾಪೆ ಹಾಸಿ ಮಲಗಿಬಿಟ್ಟಳು.

"ಮಲಗಿದೀನಿ. ಹಾಸಿಗೇನೂ ಹಾಸಿದೆ. ಬರ್ಕೊಳ್ಳಿ."

ಕಾವಲುಗಾರ ಎಬ್ಬಿಸಿದ, ಏಳಲಿಲ್ಲ. ಜನ ನಕ್ಕರು, ಕೆಲವರು ದಾಟಿಕೊಂಡು ಹೋದರು. ಅರ್ಧ ಗಂಟೆ ನೋಡಿದ ಮೇಲ್ವಿಚಾರಕ ಪೊಲೀಸರಿಗೆ ದೂರು ಬರೆಯಲು ಕೂತ. ವಯಸ್ಸು, ಕಸುಬು ಎಲ್ಲ ಕೇಳಿ ತುಂಬಿದ.

"ವಿಳಾಸ?"

"ಅಣ್ಣನ ಮನೇದೇ ಬರೀರಿ ಸಾರ್. ಕಾಗದ ಹಾಗೇ ಹೇಳುತ್ತಲ್ಲ."

ಅವನ ಪೆನ್ನು ನಿಂತಿತು. ಆ ವಿಳಾಸ ಬರೆದರೆ ಪೊಲೀಸರು ಅಲ್ಲಿಗೆ ಹೋಗುತ್ತಾರೆ, ಇಂಥವರು ಇಲ್ಲಿಲ್ಲ ಎಂದು ಅತ್ತಿಗೆ ಹೇಳುತ್ತಾಳೆ, ದೂರು ತಿರುಗಿ ತನ್ನ ಮೇಜಿಗೇ ಬರುತ್ತದೆ. ಇಪ್ಪತ್ತು ವರ್ಷ ಕಾಗದ ಸವೆಸಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಸಿಟ್ಟಿನಿಂದ ಗೀಚಿದ: 'ಮನೆಯಿಲ್ಲ. ಬಸ್ ನಿಲ್ದಾಣದ ಹಿಂದೆ ಮಲಗುವವಳು.' ರುಜು ಹಾಕಿ ಮೊಹರು ಒತ್ತಿದ.

ಪೊಲೀಸಿನವ ಬಂದ. ಗದರಿಸಿ ಎಬ್ಬಿಸಿ, ನಿಯಮದಂತೆ ದೂರಿನ ಒಂದು ಪ್ರತಿಯನ್ನು ಅವಳ ಕೈಗೆ ಕೊಟ್ಟ. ಸೂಜಿಯಕ್ಕ ನಿಂತಲ್ಲೇ ಅದನ್ನು ಎರಡು ಸಲ ಓದಿದಳು.

"ಇದು ನಿಮ್ಮದೇ ಕೈಬರಹ ಅಲ್ವಾ ಸಾರ್? ಮೊಹರೂ ನಿಮ್ಮದೇ."

ಮೇಲ್ವಿಚಾರಕನಿಗೆ ಆಗ ಹೊಳೆಯಿತು. "ಕೊಡಿ ಇಲ್ಲಿ, ತಿದ್ದಿ ಕೊಡ್ತೀನಿ," ಎಂದು ಕೈ ಚಾಚಿದ. ಅವಳು ಕಾಗದವನ್ನು ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಗುಂಡಿಗಳ ಡಬ್ಬಿಗೆ ಹಾಕಿ ಮುಚ್ಚಳ ಅದುಮಿದಳು.

"ಒಬ್ಬಳಾಯ್ತು," ಎಂದಳು. "ಇನ್ನು ಹನ್ನೊಂದು ಬೇಕಲ್ಲ ನಿಮಗೆ."

ಮರುದಿನ ಕಚೇರಿಯ ಬಾಗಿಲು ತೆರೆದಾಗ ಹದಿನಾಲ್ಕೂ ಹೆಂಗಸರು ಚಾಪೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಯಾರೂ ಮುಖ ತೊಳೆದಿರಲಿಲ್ಲ, ಸೂಜಿಯಕ್ಕನ ಕಟ್ಟಪ್ಪಣೆ. ಕೆದರಿದ ತಲೆಯಲ್ಲಿ ನಾಲ್ಕು ಜನರೆದುರು ಬಂದದ್ದಕ್ಕೆ ಅಜ್ಜಿ ನಾಚಿ ತಲೆ ಮೇಲೆ ಸೆರಗು ಎಳೆದುಕೊಂಡಿದ್ದಳು. ಸೂಜಿಯಕ್ಕ ಆ ಸೆರಗನ್ನು ಸರಿಸಿ, ಮೊದಲು ಅವಳ ಚಾಪೆಯನ್ನೇ ಹಾಸಿದಳು.