ಜೋಡಿ ರಾಜ, ಕಿಟಕಿ ಕುರ್ಚಿ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುವುದು ತಮ್ಮ ಎಂದೇ. ತಲೆ ಅರ್ಧ ನರೆತಿದೆ, ಮಗಳು ಕಾಲೇಜು ಮುಗಿಸಿದ್ದಾಳೆ. ಆದರೂ ಕ್ಷೌರದಂಗಡಿಯಲ್ಲಿ ಅಕ್ಕ ಕೂಗುವುದನ್ನು ಕೇಳಿ ಕೇಳಿ, ಅವನಿಗಿಂತ ಚಿಕ್ಕವರೂ “ಏನ್ ತಮ್ಮ” ಎನ್ನುತ್ತಾರೆ. ಅಂಗಡಿ ಅಪ್ಪನದು. ಇರುವುದು ಎರಡೇ ಕುರ್ಚಿ. ಕಿಟಕಿ ಪಕ್ಕದ್ದು ಅಪ್ಪನ ನಂತರ ಅಕ್ಕನಿಗೆ ಬಂತು, ಒಳಗಿನದು ತಮ್ಮನಿಗೆ. ಬಂದ ಗಿರಾಕಿ ಮೊದಲು ನೋಡುವುದು ಕಿಟಕಿ ಕುರ್ಚಿ ಖಾಲಿಯಿದೆಯೇ ಎಂದು. ಇಲ್ಲದಿದ್ದರೆ “ಪರವಾಗಿಲ್ಲ, ಕಾಯ್ತೀನಿ” ಎಂದು ಪತ್ರಿಕೆ ಬಿಡಿಸುತ್ತಾನೆ. ಆ “ಪರವಾಗಿಲ್ಲ” ತಮ್ಮನ ಎದೆಗೆ ನಾಟುತ್ತಿತ್ತು. ಕೈಯಲ್ಲಿ ಕಸುಬಿದೆ, ಆದರೆ ಯಜಮಾನ ಎನ್ನುವವರಿಲ್ಲ.

ಹಾಗಂತ ಅಕ್ಕನನ್ನು ದೂರುವಂತೆಯೂ ಇಲ್ಲ. ಕತ್ತರಿ ಹಿಡಿಯಲು ಕಲಿಸಿದವಳೇ ಅವಳು. “ಮೊದ್ಲು ಕಮ್ಮಿ ಕತ್ತರ್ಸು. ಬೇಕಾದ್ರೆ ಮತ್ತೆ ಕತ್ತರಿಸ್ಬೋದು, ಕತ್ತರಿಸಿದ್ದನ್ನ ಅಂಟ್ಸೋಕಾಗಲ್ಲ.” ಈಗಲೂ ತಮ್ಮನ ಕೈ ಎಲ್ಲಾದರೂ ತಪ್ಪಿದರೆ, ತಿರುಗಿಯೂ ನೋಡದೆ “ಎಡಗಡೆ ಒಂಚೂರು” ಎನ್ನುತ್ತಾಳೆ. ಬೆನ್ನಲ್ಲೂ ಕಣ್ಣಿರುವ ಹೆಂಗಸು. ಅಷ್ಟು ಅಚ್ಚುಕಟ್ಟಿನವಳು ತನ್ನೆದುರಿನ ಕನ್ನಡಿಯನ್ನು ಮಾತ್ರ ಓರೆಯಾಗಿ ನೇತುಹಾಕಿಕೊಂಡಿದ್ದಳು. ಅವನು ಸರಿಮಾಡಲು ಹೋದಾಗಲೆಲ್ಲ “ಇರ್ಲಿ ಬಿಡೋ” ಎಂದು ಅಡ್ಡ ಬರುತ್ತಿದ್ದಳು.

ವರ್ಷಕ್ಕೊಮ್ಮೆ ಆ ಕುರ್ಚಿಯ ತೀರ್ಮಾನ ಪೋಕರ್ ಆಟದಲ್ಲಿ. ಅದು ಅಕ್ಕನೇ ಮಾಡಿದ ಕಾನೂನು. ರಜೆಯ ಮಧ್ಯಾಹ್ನ ಬಾಗಿಲು ಹಾಕಿ, ಇಸ್ಪೀಟು ಎಲೆ ಕಾಣದಂತೆ ಕನ್ನಡಿಗಳಿಗೆ ಟವಲ್ ಹೊದಿಸಿ, ಇಬ್ಬರೂ ಪಣಕ್ಕೆ ಒಂದೊಂದು ಬಟ್ಟಲು ಹೇರ್ ಕ್ಲಿಪ್ಪು ಇಟ್ಟುಕೊಂಡು ಕೂರುತ್ತಾರೆ. ಎಲೆ ಹಂಚುವುದು ಭಾವ, ಅಂದರೆ ಅಕ್ಕನ ಗಂಡ. ಕೈಯಲ್ಲಿ ಎರಡೆರಡು ಎಲೆ, ನಡುವೆ ಬಿಚ್ಚಿಡುವ ಐದು ಇಬ್ಬರಿಗೂ ಸೇರಿದ್ದು; ಸಾಮಾನ್ಯವಾಗಿ ದೊಡ್ಡ ಜೋಡಿ ಕೂಡಿದವರದೇ ಗೆಲುವು. ಬಿಸಿಲು ಕಿಟಕಿ ಬಿಟ್ಟಿಳಿಯುವ ಹೊತ್ತಿಗೆ ಯಾರ ಬಟ್ಟಲಲ್ಲಿ ಹೆಚ್ಚು ಕ್ಲಿಪ್ಪೋ, ಕುರ್ಚಿ ಅವರದು.

ತಮ್ಮ ಗೆದ್ದದ್ದೇ ಇಲ್ಲ. ಅವನ ರೋಗ ದೊಡ್ಡ ಜೋಡಿ. ಕೈಗೆ ಎರಡು ರಾಜ ಬಂದರೆ ಸಾಕು, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಡುವೆ ಬಿಚ್ಚಿಟ್ಟ ಎಲೆಗಳಲ್ಲಿ ಎಕ್ಕ ಕಂಡರೂ, ಅಕ್ಕನ ಬಳಿ ಇನ್ನೊಂದು ಎಕ್ಕವಿದ್ದರೆ ತನ್ನ ರಾಜರು ಮಣ್ಣುಪಾಲು ಎಂದು ತಿಳಿದೂ, ಬಟ್ಟಲನ್ನೇ ಸುರಿಯುತ್ತಿದ್ದ. “ಜೋಡಿ ಬಂತು ಅಂದ್ರೆ ಇವ್ನು ಮದ್ವೆನೇ ಆಗ್ಬಿಡ್ತಾನೆ” ಎಂದು ಅಕ್ಕ ನಗುತ್ತಿದ್ದಳು. ಹೋದ ಸಲ ಬುದ್ಧಿ ಬಂದವನಂತೆ ಎಕ್ಕ ಕಂಡೊಡನೆ ರಾಜರನ್ನು ಎಸೆದು ಆಟ ಬಿಟ್ಟ. ಅಕ್ಕನ ಕೈಯಲ್ಲಿದ್ದದ್ದು ಜುಜುಬಿ ಏಳರ ಜೋಡಿ. ಅದನ್ನು ಅವಳು ವರ್ಷವಿಡೀ ಗಿರಾಕಿಗಳಿಗೆಲ್ಲ ಹೇಳಿ ನಗಿಸಿದಳು.

ಈ ಸಲ ಕೊನೆಯ ಆಟಕ್ಕೆ ಬರುವಾಗ ಇಬ್ಬರದೂ ಸಮಸಮ. ಬಿಸಿಲು ಕಿಟಕಿಯ ಅಂಚಿನಲ್ಲಿತ್ತು. ತಮ್ಮ ಎಲೆ ಎತ್ತಿ ನೋಡಿದ: ಎರಡು ರಾಜ. ಭಾವ ನಡುವೆ ಮೂರು ಎಲೆ ಬಿಚ್ಚಿದ: ನಾಲ್ಕು, ಒಂಬತ್ತು, ಆಟಿನ್ ಎಕ್ಕ.

ಅಕ್ಕ ಒಂದು ಹಿಡಿ ಕ್ಲಿಪ್ಪು ಮುಂದೆ ತಳ್ಳಿದಳು. ತಮ್ಮನ ಕೈ ಸೀದಾ ಬಟ್ಟಲಿನ ಅಂಚಿಗೇ ಹೋಯಿತು.

“ಆಯ್ತು, ಮದ್ವೆ ಗಟ್ಟಿ” ಎಂದ ಭಾವ.

ಬಟ್ಟಲ ಮೇಲಿದ್ದ ತನ್ನ ಕೈಯನ್ನು ತಮ್ಮ ನೋಡಿಕೊಂಡ. ಗೊತ್ತಿಲ್ಲದ ತಲೆಗೆ ಈ ಕೈ ಒಂದೇ ಸಲ ಬುಡದವರೆಗೆ ಕತ್ತರಿ ಹಾಕಿದ್ದುಂಟೇ? ಹೆದರಿ ಗಿರಾಕಿಯನ್ನು ಎಬ್ಬಿಸಿ ಕಳಿಸಿದ್ದುಂಟೇ? ಅಕ್ಕ ಇಟ್ಟಷ್ಟೇ ಕ್ಲಿಪ್ಪು ಇಟ್ಟ, ಒಂದೂ ಹೆಚ್ಚಿಲ್ಲ.

ಭಾವ ಬಿಚ್ಚಿದ ನಾಲ್ಕನೆಯ ಎಲೆ ಎರಡರದು. ಅಕ್ಕ ಏನೂ ಕಟ್ಟದೆ ಮೇಜು ತಟ್ಟಿದಳು, ಅವನೂ ತಟ್ಟಿದ. ಐದನೆಯದು ಆರರದು. ಅಕ್ಕ ಅವನ ಮುಖವನ್ನೇ ನೋಡುತ್ತ ಇನ್ನೊಂದಿಷ್ಟು ಇಟ್ಟಳು. ಅವನೂ ಅಷ್ಟೇ ಇಟ್ಟು “ತೋರ್ಸಕ್ಕ” ಎಂದ.

ಅಕ್ಕನ ಕೈಯಲ್ಲಿದ್ದದ್ದು ರಾಣಿ ಮತ್ತು ಒಂಬತ್ತು. ನಡುವಿನದೂ ಸೇರಿ ಬರೀ ಒಂಬತ್ತರ ಜೋಡಿ. ತಮ್ಮ ತನ್ನ ರಾಜರನ್ನು ಮೆಲ್ಲಗೆ ಮಗುಚಿಟ್ಟ.

“ಓಡ್ಲೂ ಇಲ್ಲ, ಮೇಲೂ ಬೀಳ್ಲಿಲ್ಲ” ಎಂದಳು ಅಕ್ಕ. ಸೋತವಳ ಮುಖವಾಗಿರಲಿಲ್ಲ ಅದು. “ಯಾರೋ ನಿಂಗೆ ಇದನ್ನ ಹೇಳ್ಕೊಟ್ಟಿದ್ದು?”

“ನೀನೇ. ಮೊದ್ಲು ಕಮ್ಮಿ ಕತ್ತರ್ಸು ಅಂದಿದ್ಯಲ್ಲ.”

ಮರುದಿನ ಬೆಳಿಗ್ಗೆ ತಮ್ಮ ಕಿಟಕಿ ಕುರ್ಚಿಯ ಹಿಂದೆ ನಿಂತ. ಇಷ್ಟು ವರ್ಷ ಅವನು ಅಲ್ಲಿ ನಿಂತದ್ದು ನೆಲ ಗುಡಿಸಲು ಮಾತ್ರ. ಪಕ್ಕದ ಔಷಧಿ ಅಂಗಡಿಯವನು ಬಂದವನೇ ಅಲ್ಲಿ ಕುಳಿತು “ಹೂಂ, ಶುರು ಮಾಡಿ ಯಜಮಾನ್ರೆ” ಎಂದ. ಆ ಒಂದು ಮಾತಿಗೆ ತಮ್ಮನ ಹೊಟ್ಟೆ ತುಂಬಿತು. ಒಳಗಿನ ಕುರ್ಚಿಯಲ್ಲಿ ಅಕ್ಕ ನಿವೃತ್ತ ಮೇಷ್ಟ್ರೊಬ್ಬರ ಕೂದಲು ಕತ್ತರಿಸುತ್ತಿದ್ದಳು.

ಎರಡೂ ಕಡೆ ಸಮ ಬಂತೇ ಎಂದು ತಮ್ಮ ಕನ್ನಡಿ ನೋಡಿದ. ಆ ಓರೆ ಕನ್ನಡಿಯಲ್ಲಿ, ಔಷಧಿ ಅಂಗಡಿಯವನ ಮುಖದ ಪಕ್ಕದಲ್ಲೇ, ಒಳಗಿನ ಕುರ್ಚಿ ಪೂರ್ತಿ ಕಾಣುತ್ತಿತ್ತು: ಮೇಷ್ಟ್ರ ತಲೆ, ಬಾಚಣಿಗೆ, ಅಕ್ಕನ ಬೆರಳು, ಕತ್ತರಿಯ ತುದಿ.

ಅವನ ಕತ್ತರಿ ಗಾಳಿಯಲ್ಲೇ ನಿಂತಿತು. ಅಕ್ಕನಿಗೆ ಬೆನ್ನಲ್ಲಿ ಕಣ್ಣಿರಲಿಲ್ಲ. ಇಷ್ಟು ವರ್ಷ ಅವಳು ಇಲ್ಲಿ ನಿಂತು ಅವನ ಕೈಯನ್ನು ಕಾಯುತ್ತಿದ್ದಳು. ತಮ್ಮನಿಗೆ ನಗು ಬಂತು. ಕನ್ನಡಿಯಲ್ಲಿ ಇನ್ನೊಮ್ಮೆ ನೋಡಿ, ತಿರುಗದೆಯೇ ಹೇಳಿದ.

“ಎಡಗಡೆ ಒಂಚೂರು, ಅಕ್ಕ.”

ಅಕ್ಕನ ಕೈ ಗಕ್ಕನೆ ನಿಂತಿತು. “ಆ ಕನ್ನಡೀನ ಮೊದ್ಲು ನೆಟ್ಟಗೆ ಮಾಡೋ” ಎಂದಳು.

“ಇರ್ಲಿ ಬಿಡಕ್ಕ.”

ಅಕ್ಕ ಬಾಯಲ್ಲೇ ಏನೋ ಗೊಣಗಿಕೊಂಡು, ಮೇಷ್ಟ್ರ ಎಡಗಡೆ ಒಂಚೂರು ಕತ್ತರಿಸಿದಳು.